ಆರು ರೂಪಾಯಿಯ ಮೊಟ್ಟೆ: ಬಿಸಿಯೂಟದ ತಟ್ಟೆಯ ಒಂದು ಪ್ರಕರಣ

ಬಿಸಿಯೂಟದ ತಟ್ಟೆಯಲ್ಲಿ ಲೆಕ್ಕಕ್ಕೆ ಸಿಗುವ ಪದಾರ್ಥ ಒಂದೇ, ಮೊಟ್ಟೆ. ಅನ್ನ ಎಷ್ಟು ಗ್ರಾಂ ಬಿತ್ತು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಸಾಂಬಾರಿನಲ್ಲಿ ಬೇಳೆ ಎಷ್ಟು, ನೀರು ಎಷ್ಟು ಅಂತ ಸೌಟು ಹಿಡಿದವರಿಗಷ್ಟೇ ಗೊತ್ತು. ಹಾಲಿಗೂ ನೀರು ಬೆರೆಸಬಹುದು. ಮೊಟ್ಟೆಗೆ ಏನು ಬೆರೆಸುತ್ತೀರಿ? ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದನೇ ಕ್ಲಾಸಿನ ಮಗುವೂ ಎಣಿಸಿಬಿಡುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಮೊಟ್ಟೆ ಬಂದ ಕಥೆಯನ್ನು ಮೊದಲಿನಿಂದ ನೋಡುತ್ತಾ ಬಂದಾಗ ನನಗೆ ಮತ್ತೆ ಮತ್ತೆ ಕಂಡದ್ದು ಇದೇ ಸಂಗತಿ. ಮೊಟ್ಟೆಗೆ ಇಷ್ಟು ವಿರೋಧ ಬಂದದ್ದು ಅದು ಕಣ್ಣಿಗೆ ಕಾಣುತ್ತದೆ ಅಂತ. ಅದು ಉಳಿದುಕೊಂಡದ್ದೂ ಕಣ್ಣಿಗೆ ಕಾಣುತ್ತದೆ ಅಂತಲೇ. ಅದರ ಕಳ್ಳತನ ಸಿಕ್ಕಿಬಿದ್ದದ್ದು, ಮುಖ್ಯ ಶಿಕ್ಷಕರಿಗೆ ಅದು ತಲೆನೋವಾದದ್ದು ಎಲ್ಲಕ್ಕೂ ಕಾರಣ ಅದೇ.

ಮೊಟ್ಟೆಗೆ ಮುಂಚೆ ತಟ್ಟೆಯಲ್ಲಿ ಏನಿತ್ತು

ಹಳಬರಿಗೆ ಕೇರ್ ಉಪ್ಪಿಟ್ಟು ನೆನಪಿರಬೇಕು. ಅಮೆರಿಕದಿಂದ ಬಂದ ಗೋಧಿ ನುಚ್ಚಿನ ಉಪ್ಪಿಟ್ಟು ಅದು. ಅದರ ವಾಸನೆಯನ್ನು ಇವತ್ತಿಗೂ ನೆನೆಸಿಕೊಳ್ಳುವವರಿದ್ದಾರೆ. ಕೆಲವರು ಪ್ರೀತಿಯಿಂದ, ಕೆಲವರು ಮೂಗು ಮುಚ್ಚಿಕೊಂಡು. ಆಮೇಲೆ 1995ರಲ್ಲಿ ಕೇಂದ್ರದ ಯೋಜನೆ ಬಂತು. ನಮ್ಮಲ್ಲಿ ಅದು ಬಂದದ್ದು ಊಟವಾಗಿ ಅಲ್ಲ, ಅಕ್ಕಿಯಾಗಿ. ಶಾಲೆಗೆ ಸರಿಯಾಗಿ ಬಂದ ಮಗುವಿಗೆ ತಿಂಗಳಿಗೆ 3 ಕೆಜಿ. ಆ ಅಕ್ಕಿ ಮನೆಗೆ ಹೋಗಿ ಮನೆಯ ಡಬ್ಬಿ ಸೇರುತ್ತಿತ್ತು. ಐದು ಜನರ ಮನೆಯಲ್ಲಿ ಅದು ಐದು ಜನರ ಅಕ್ಕಿ, ಮಗುವಿನ ಅಕ್ಕಿ ಅಲ್ಲ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅಕ್ಕಿ ಹಂಚಿ ಕೈತೊಳೆದುಕೊಳ್ಳುವಂತಿಲ್ಲ, ಬೇಯಿಸಿದ ಊಟವನ್ನೇ ಕೊಡಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಕರ್ನಾಟಕ 2002-03ರಲ್ಲಿ ಉತ್ತರದ 7 ಜಿಲ್ಲೆಗಳಿಂದ ಇದನ್ನು ಶುರು ಮಾಡಿತು. ಹೆಸರು ‘ಅಕ್ಷರ ದಾಸೋಹ’. ದಾಸೋಹ ಶರಣರ ಮಾತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗಿನ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇಷ್ಟರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಬಿಡಿಸಿ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ, 20 ಗ್ರಾಂ ಬೇಳೆಯಲ್ಲಿ ನಾಲ್ಕೂವರೆ. ಅಂದರೆ ಆ 12ರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಅನ್ನದಿಂದಲೇ. ಪ್ರೋಟೀನಿನಲ್ಲಿ ಇರಲೇಬೇಕಾದ ಅಂಶಗಳಲ್ಲಿ ಒಂದಾದ ಲೈಸಿನ್ ಅಕ್ಕಿಯಲ್ಲಿ ಕಡಿಮೆ. ಅದನ್ನು ತುಂಬುವ ಕೆಲಸ ಬೇಳೆಯದು. ಬೇಳೆ ದುಬಾರಿಯಾದ ತಿಂಗಳು ಸಾಂಬಾರು ತೆಳ್ಳಗಾದರೆ ಆ ಲೆಕ್ಕವೂ ತೆಳ್ಳಗಾಗುತ್ತದೆ.

2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಬಂತು. ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು. ಮೊದಲು ವಾರಕ್ಕೆ 3 ದಿನ ಇತ್ತು, ಮುಂದೆ 5 ದಿನ ಆಯಿತು. ಕರ್ನಾಟಕ ಹಾಲು ಮಹಾಮಂಡಳದ ಬಳಿ ಹಾಲು ಉಳಿಯುತ್ತಿತ್ತು, ಮಕ್ಕಳಿಗೆ ಹಾಲು ಬೇಕಿತ್ತು. ಎರಡೂ ಕೂಡಿಬಂತು. ಒಳ್ಳೆಯ ಯೋಜನೆಯೇ. ಯಾವ ಮಠವೂ ತಕರಾರು ತೆಗೆಯಲಿಲ್ಲ, ಯಾವ ರೈತನೂ ಬೇಡ ಅನ್ನಲಿಲ್ಲ.

ಮೊಟ್ಟೆಯ ಮಾತನ್ನೂ ಹಿಂದಿನ ಸರ್ಕಾರಗಳು ಎತ್ತಿದ್ದವು. ಎತ್ತಿ, ವಿರೋಧ ಬಂದ ಕೂಡಲೇ ಮೆಲ್ಲಗೆ ಕೆಳಗಿಟ್ಟಿದ್ದವು. ಪಕ್ಕದ ತಮಿಳುನಾಡಿನಲ್ಲಿ 2010ರ ಹೊತ್ತಿಗೇ ಮಕ್ಕಳಿಗೆ ವಾರಕ್ಕೆ 5 ಮೊಟ್ಟೆ ಸಿಗುತ್ತಿತ್ತು. ತಿನ್ನದವರಿಗೆ ಬಾಳೆಹಣ್ಣು. ಆಂಧ್ರದಲ್ಲೂ ತೆಲಂಗಾಣದಲ್ಲೂ ಮೊಟ್ಟೆ ಇತ್ತು. ಅಷ್ಟೇ ಯಾಕೆ, ನಮ್ಮದೇ ಅಂಗನವಾಡಿಗಳಲ್ಲಿ ಇತ್ತು. ಐದು ವರ್ಷದ ತನಕ ಅಂಗನವಾಡಿಯಲ್ಲಿ ಮೊಟ್ಟೆ ತಿಂದ ಮಗು ಆರನೇ ವರ್ಷಕ್ಕೆ ಪಕ್ಕದ ಕಟ್ಟಡಕ್ಕೆ ಹೋದರೆ ಮೊಟ್ಟೆ ಇಲ್ಲ! ಇದನ್ನು ಯಾರೂ ವಿಚಿತ್ರ ಅಂದುಕೊಂಡಿರಲಿಲ್ಲ.

2021ರ ಡಿಸೆಂಬರ್

ಕೋವಿಡ್ ಸಮಯದಲ್ಲಿ ಒಂದೂವರೆ ವರ್ಷ ಬಿಸಿಯೂಟ ನಿಂತಿತ್ತು. ಮತ್ತೆ ಹಳೆಯ ಹಾಗೆ ಅಕ್ಕಿ-ಬೇಳೆ ಮನೆಗೆ ಹೋಗುತ್ತಿತ್ತು. 2021ರ ಕೊನೆಗೆ ಒಲೆ ಹೊತ್ತಿತು. ಅದೇ ಹೊತ್ತಿಗೆ ಸರ್ಕಾರದ ಮೇಜಿನ ಮೇಲೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಿದ್ದವು. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಯಾದಗಿರಿ ಜಿಲ್ಲೆಯೊಂದರಲ್ಲೇ ನೂರಕ್ಕೆ 57ಕ್ಕಿಂತ ಹೆಚ್ಚು.

ಯಾದಗಿರಿಯ ಕಡೆ ಗುಳೆ ಹೋಗುವುದು ಮಾಮೂಲು. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೋ ಮುಂಬೈಗೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ, ಇಲ್ಲ ಅವರ ಜೊತೆಗೇ ಹೋಗುತ್ತಾರೆ. ಮನೆಯಲ್ಲಿ ಜೋಳದ ರೊಟ್ಟಿ, ಖಾರ, ಇದ್ದರೆ ಬೇಳೆ. ಇಂಥ ಮನೆಯ ಮಗುವಿಗೆ ಶಾಲೆಯ ಊಟವೇ ದಿನದ ದೊಡ್ಡ ಊಟ.

ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ 7 ಜಿಲ್ಲೆಗಳನ್ನು ಆರಿಸಿಕೊಂಡಿತು. ಡಿಸೆಂಬರ್ 1ರಿಂದ ಮಾರ್ಚ್‌ವರೆಗೆ, ತಿಂಗಳಿಗೆ 12 ದಿನ, 1ರಿಂದ 8ನೇ ತರಗತಿಯ 14 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಬೇಯಿಸಿದ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು. ಆಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ, ಬಿ.ಸಿ. ನಾಗೇಶ್ ಶಿಕ್ಷಣ ಸಚಿವರು. ಬಿಜೆಪಿ ಸರ್ಕಾರ ಮೊಟ್ಟೆ ಕೊಟ್ಟಿತು ಅನ್ನುವುದು ಸಣ್ಣ ಮಾತಲ್ಲ. 2015ರಲ್ಲಿ ಮಧ್ಯಪ್ರದೇಶದಲ್ಲಿ ಅದೇ ಪಕ್ಷದ ಮುಖ್ಯಮಂತ್ರಿ ಅಂಗನವಾಡಿ ಮೊಟ್ಟೆಯ ಪ್ರಸ್ತಾವವನ್ನು ತಳ್ಳಿಹಾಕಿದ್ದರು.

ವಿರೋಧ ಬರಲು ವಾರವೂ ಬೇಕಾಗಲಿಲ್ಲ. ಕೆಲವು ಲಿಂಗಾಯತ ಮಠಾಧೀಶರು, ಜೈನ ಸಂಘಟನೆಗಳವರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಬೆಳಗಾವಿ ಅಧಿವೇಶನ ಹತ್ತಿರದಲ್ಲಿತ್ತು, ಹಾಗಾಗಿ ಸದ್ದೂ ಜಾಸ್ತಿ ಇತ್ತು. ಅವರ ವಾದವನ್ನು ಸುಮ್ನೆ ತಳ್ಳಿಹಾಕುವುದು ಬೇಡ. ಒಂದೇ ಸಾಲಿನಲ್ಲಿ ಕೂತ ಮಕ್ಕಳಲ್ಲಿ ತಿನ್ನುವವರು, ತಿನ್ನದವರು ಅಂತ ಭೇದ ಮಾಡಬೇಡಿ ಅನ್ನುವುದು ಒಂದು. ಎಲ್ಲರೂ ತಿನ್ನಬಹುದಾದ ಕಾಳು, ಹಣ್ಣು, ಹಾಲನ್ನೇ ಜಾಸ್ತಿ ಕೊಡಿ ಅನ್ನುವುದು ಇನ್ನೊಂದು. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಊಟ ಅನ್ನುವುದು ದಾಸೋಹದ ಮೂಲ ಗುಣವೇ. ಯೋಜನೆಯ ಹೆಸರೂ ಅದೇ ಅಲ್ವಾ.

ಆದರೆ ಇನ್ನೊಂದು ಕಡೆಯಿಂದ ನೋಡಿ. ಆ 7 ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಕೂತಿದ್ದ ಬಹುಪಾಲು ಮಕ್ಕಳು ಮೊಟ್ಟೆ ತಿನ್ನುವ ಮನೆಗಳಿಂದಲೇ ಬಂದವರು. ತಿನ್ನದವರ ಮುಜುಗರ ತಪ್ಪಿಸಲು ತಿನ್ನುವವರಿಗೆ ಕೊಡಬೇಡಿ ಅಂದರೆ ಅದೂ ಭೇದವೇ. ಯಾರೂ ಅದನ್ನು ಭೇದ ಅಂತ ಕರೆಯುವುದಿಲ್ಲ, ಅಷ್ಟೇ.

ಈ ಗದ್ದಲದಲ್ಲಿ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಒಬ್ಬಳು ಹೇಳಿದಳು. ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳ ವಿಡಿಯೊ ಆ ಡಿಸೆಂಬರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನಮಗೆ ಮೊಟ್ಟೆ ಬೇಕು, ಬೇಡ ಅನ್ನಲು ನೀವ್ಯಾರು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅನ್ನುವುದು ಅವಳ ಮಾತಿನ ಸಾರ. ಆ ದನಿಯಲ್ಲಿದ್ದ ಸಿಟ್ಟು ಕಲಿಸಿಕೊಟ್ಟದ್ದಲ್ಲ. ಟಿವಿ ಚರ್ಚೆಗಳಲ್ಲಿ ವಾರಗಟ್ಟಲೆ ಆಗದ ಕೆಲಸ ಅವಳ ಒಂದು ಮಾತಿನಿಂದ ಆಯಿತು. ಹಸಿವು ಯಾರದು ಅನ್ನುವುದು ಎಲ್ಲರಿಗೂ ಕೇಳಿಸಿತು.

ಸರ್ಕಾರ ಹಿಂದೆ ಸರಿಯಲಿಲ್ಲ. ತಿನ್ನಿ ಅಂತ ಒತ್ತಾಯ ಮಾಡಲೂ ಇಲ್ಲ. ಮೊಟ್ಟೆಯೋ ಬಾಳೆಹಣ್ಣೋ ಅನ್ನುವ ಆಯ್ಕೆಯನ್ನು ಮಗುವಿಗೂ ಮನೆಗೂ ಬಿಟ್ಟಿತು. ದೊಡ್ಡವರಿಗೆ ದೊಡ್ಡ ತತ್ವವಾಗಿದ್ದದ್ದು ಮಕ್ಕಳ ಸಾಲಿನಲ್ಲಿ ಎರಡು ಬುಟ್ಟಿಗಳಾಯಿತು.

ಯಾದಗಿರಿ, ಗದಗ ಮತ್ತು 71

ಈ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಮೊಟ್ಟೆ ಕೊಟ್ಟು ಸುಮ್ಮನಾಗಲಿಲ್ಲ, ತೂಕ ಹಾಕಿ ನೋಡಿದರು. ಗದಗಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಆ ಕೆಲಸ ಕೊಟ್ಟರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಪತ್ರಿಕೆಗಳ ತಲೆಬರಹಕ್ಕೆ ಹೋದದ್ದು ಒಂದು ಅಂಕಿ: 8ನೇ ತರಗತಿಯ ಹೆಣ್ಣುಮಕ್ಕಳಲ್ಲಿ ತೂಕದ ಏರಿಕೆ ಗದಗಿನವರಿಗಿಂತ ಶೇ. 71ರಷ್ಟು ಜಾಸ್ತಿ.

ಈ 71 ನೋಡಿ ಗಾಬರಿ ಬೀಳಬೇಡಿ. ಹುಡುಗಿಯ ತೂಕವೇ ಶೇ. 71 ಏರಿತು ಅಂತಲ್ಲ. ಉದಾಹರಣೆಗೆ, ಅಷ್ಟೇ ಸಮಯದಲ್ಲಿ ಒಬ್ಬಳು 1 ಕೆಜಿ ಏರಿದ್ದರೆ ಇನ್ನೊಬ್ಬಳು 1 ಕೆಜಿ 700 ಗ್ರಾಂ ಏರಿದಳು ಅನ್ನುವ ಥರದ ಲೆಕ್ಕ. ಹದಿಮೂರು ಹದಿನಾಲ್ಕರ ಹುಡುಗಿಗೆ ಅದೇನೂ ಕಡಿಮೆಯಲ್ಲ. ಮೈ ನೆರೆಯುವ ವಯಸ್ಸು, ರಕ್ತ ಕಡಿಮೆ ಇರುವ ವಯಸ್ಸು, ಮನೆಯಲ್ಲಿ ಕೊನೆಗೆ ಉಣ್ಣುವವರ ಸಾಲಿಗೆ ಸೇರುವ ವಯಸ್ಸು. ಶಾಲೆಯ ಪಂಕ್ತಿಯಲ್ಲಿ ಮಾತ್ರ ಅವಳಿಗೆ ಅಣ್ಣ-ತಮ್ಮಂದಿರಷ್ಟೇ ಪಾಲು. ಹುಡುಗಿಯರಲ್ಲಿ ಫಲ ಜಾಸ್ತಿ ಕಂಡದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುವುದು ನನ್ನ ಊಹೆ.

ಅನುಮಾನಗಳೂ ಇವೆ. ಎರಡು ಜಿಲ್ಲೆಗಳ ಮಕ್ಕಳು ಒಂದೇ ಮಟ್ಟದಿಂದ ಶುರು ಮಾಡಿದವರಲ್ಲ. ತೀರಾ ಸೊರಗಿದ ಮಗು ಸ್ವಲ್ಪ ಸಿಕ್ಕರೂ ಬೇಗ ತುಂಬಿಕೊಳ್ಳುತ್ತದೆ. ಮೇಲಾಗಿ ಅದು ಬಿಸಿಯೂಟ ಆಗಷ್ಟೇ ಮತ್ತೆ ಶುರುವಾಗಿದ್ದ ಸಮಯ. ನಾಲ್ಕು ತಿಂಗಳ ತೂಕದಿಂದ ಎತ್ತರದ ಕಥೆ ಹೇಳಲಾಗುವುದಿಲ್ಲ. ಆದರೂ ಇದೊಂದು ದಾರಿ ಮಾಡಿಕೊಟ್ಟಿತು. ಮುಂದಿನ ವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಬಂದಾಗ ಸರ್ಕಾರದ ಕೈಯಲ್ಲಿ ಒಂದು ಕಾಗದ ಇತ್ತು. 2022-23ಕ್ಕೆ 46 ದಿನಗಳ ಮೊಟ್ಟೆ ಅಂತ ಲೆಕ್ಕ ಹಾಕಿದರು. ಬಾಳೆಹಣ್ಣಿನ ಜೊತೆ ಶೇಂಗಾ ಚಿಕ್ಕಿಯೂ ಸೇರಿತು.

ಅದೇ 2022ರಲ್ಲಿ ಒಂದು ತಮಾಷೆಯೂ ನಡೆಯಿತು. ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಬರೆದ ದಾಖಲೆಯಲ್ಲಿ, ಮೊಟ್ಟೆ-ಮಾಂಸವನ್ನು ದಿನಾ ತಿಂದರೆ ಜೀವನಶೈಲಿಯ ಕಾಯಿಲೆಗಳು ಬರುತ್ತವೆ ಅನ್ನುವ ಅರ್ಥದ ಮಾತು ಕಾಣಿಸಿಕೊಂಡಿತು. ಒಂದು ಇಲಾಖೆ ಮೊಟ್ಟೆ ಹಂಚುತ್ತಿದೆ, ಅದೇ ಸರ್ಕಾರದ ಇನ್ನೊಂದು ಕಾಗದ ಮೊಟ್ಟೆ ಅಪಾಯ ಅನ್ನುತ್ತಿದೆ. ವಾರಕ್ಕೊಂದು ಮೊಟ್ಟೆ ತಿನ್ನುವ ಯಾದಗಿರಿಯ ಹುಡುಗನಿಗೆ ಯಾವ ಜೀವನಶೈಲಿಯ ಕಾಯಿಲೆ? ಪೌಷ್ಟಿಕಾಂಶ ತಜ್ಞರು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡರು.

ಲೆಕ್ಕದ ಪುಸ್ತಕ

ಈಗ ಯಾವ ಚರ್ಚೆಯಲ್ಲೂ ಬಾರದ, ಆದರೆ ದಿನಾ ನಡೆಯುವ ಸಂಗತಿಗೆ ಬರೋಣ.

ಒಂದು ಮೊಟ್ಟೆಗೆ ಸರ್ಕಾರ ಇಟ್ಟದ್ದು 6 ರೂಪಾಯಿ. ಮೊಟ್ಟೆಯ ಬೆಲೆ, ತರುವ ಖರ್ಚು, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯಲು ಅಡುಗೆಯವರಿಗೆ 30 ಪೈಸೆ ಎಲ್ಲಾ ಇದರಲ್ಲೇ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಹೋಲಿಸಿ ನೋಡಿ. 2021ರ ಡಿಸೆಂಬರಿನಲ್ಲಿ ಪ್ರಾಥಮಿಕ ತರಗತಿಯ ಒಂದು ಮಗುವಿನ ಒಂದು ದಿನದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು ಎಲ್ಲಕ್ಕೂ ಸೇರಿ ನಿಗದಿಯಾಗಿದ್ದ ಮೊತ್ತ 4 ರೂಪಾಯಿ 97 ಪೈಸೆ. ಅಕ್ಕಿ ಮಾತ್ರ ಬೇರೆ, ಅದು ಕೇಂದ್ರದಿಂದ ಬರುತ್ತದೆ. ಅಂದರೆ ಒಂದು ಮೊಟ್ಟೆಯ ಬೆಲೆ ಇಡೀ ಸಾಂಬಾರಿನ ಬೆಲೆಗಿಂತ ಜಾಸ್ತಿ! ಮೊಟ್ಟೆ ದುಬಾರಿ ಅನ್ನುವುದಕ್ಕಿಂತ ಸಾಂಬಾರು ಎಷ್ಟು ಅಗ್ಗ ಅನ್ನುವುದನ್ನು ಇದು ತೋರಿಸುತ್ತದೆ. ಆ ಮೊತ್ತ 2022ರ ಅಕ್ಟೋಬರಿನಲ್ಲಿ 5.45ಕ್ಕೆ, 2024ರ ಡಿಸೆಂಬರಿನಲ್ಲಿ 6.19ಕ್ಕೆ, 2025ರ ಮೇ ತಿಂಗಳಲ್ಲಿ 6.78ಕ್ಕೆ ಏರಿತು.

ಮೊಟ್ಟೆಯ ಪೇಟೆಗೆ ತನ್ನದೇ ಒಂದು ಪಂಚಾಂಗ ಇದೆ. ಶ್ರಾವಣದಲ್ಲಿ ತಿನ್ನುವವರು ಕಡಿಮೆ, ದರ ಇಳಿಯುತ್ತದೆ. ಚಳಿಗಾಲದಲ್ಲಿ ಕೇಕು, ಆಮ್ಲೆಟ್ಟು, ಎಲ್ಲೆಲ್ಲೂ ಬೇಡಿಕೆ, ದರ ಏರುತ್ತದೆ. ದಿನದ ದರ ಹೇಳುವುದು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ. ಹೊಸಪೇಟೆಗೆ ಒಂದು ದರ, ಮೈಸೂರಿಗೆ ಒಂದು ದರ. ಸರ್ಕಾರದ 6 ರೂಪಾಯಿ ಮಾತ್ರ ಬೇಸಿಗೆಗೂ ಅದೇ, ಡಿಸೆಂಬರಿಗೂ ಅದೇ. ಅಂಗಡಿಯಲ್ಲಿ ಮೊಟ್ಟೆಯೇ 6 ರೂಪಾಯಿ ದಾಟಿದ ಚಳಿಗಾಲದಲ್ಲಿ ಗ್ಯಾಸಿಗೆ ಎಲ್ಲಿಂದ, ಆಟೊಗೆ ಎಲ್ಲಿಂದ? ಮುಖ್ಯ ಶಿಕ್ಷಕರ ಜೇಬಿನಿಂದ. 200 ಮಕ್ಕಳ ಶಾಲೆಯಲ್ಲಿ ಮೊಟ್ಟೆಗೆ ಬರೀ 50 ಪೈಸೆ ಕಡಿಮೆ ಬಿದ್ದರೂ ದಿನಕ್ಕೆ 100 ರೂಪಾಯಿ. ಬೇಳೆ ದುಬಾರಿಯಾದರೆ ಒಂದು ಹಿಡಿ ಕಡಿಮೆ ಹಾಕಿ ಸರಿದೂಗಿಸಬಹುದು. ಮೊಟ್ಟೆಯನ್ನು ಮುಕ್ಕಾಲು ಮಾಡಿ ಕೊಡಲಾಗುವುದಿಲ್ಲ. ಎಣಿಕೆಗೆ ಸಿಗುವ ಪದಾರ್ಥ ಅಂದದ್ದು ಇದಕ್ಕೇ.

ಅಡುಗೆ ಮಾಡುವವರ ಕಥೆ ಇನ್ನೊಂದು. ಇವರೆಲ್ಲ ಬಹುಪಾಲು ಅದೇ ಊರಿನ ಹೆಂಗಸರು. 2022ರಲ್ಲಿ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 3,700, ಸಹಾಯಕರಿಗೆ 3,600 ರೂಪಾಯಿ ಗೌರವಧನ ಇತ್ತು, ಅದೂ ಆ ವರ್ಷ ಒಂದು ಸಾವಿರ ಏರಿದ ಮೇಲೆ. ಸಂಬಳ ಅನ್ನದೆ ಗೌರವಧನ ಅನ್ನುವುದರಲ್ಲೇ ಎಲ್ಲ ಇದೆ. ಇವರು ಬೆಳಿಗ್ಗೆ ಹಾಲು ಕಾಯಿಸಬೇಕು, ಅಕ್ಕಿ ಆರಿಸಬೇಕು, ತರಕಾರಿ ಹೆಚ್ಚಬೇಕು, ಈಗ 200 ಮೊಟ್ಟೆ ಬೇಯಿಸಿ ಸುಲಿಯಬೇಕು. ಮೊಟ್ಟೆ ಸುಲಿದು ನೋಡಿದವರಿಗೆ ಗೊತ್ತು: ತೀರಾ ಹೊಸ ಮೊಟ್ಟೆಯಾದರೆ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತದೆ. ನಾಲ್ಕೈದು ದಿನ ಹಳೆಯದಾದರೆ ಸಲೀಸು. ಬೆಂದ ಕೂಡಲೇ ತಣ್ಣೀರಿಗೆ ಹಾಕಬೇಕು. ತಣ್ಣೀರು ಅಂದರೆ ನೀರು ಬೇಕು, ಬೇಸಿಗೆಯಲ್ಲಿ ರಾಯಚೂರಿನ ಶಾಲೆಗೆ ಅದೂ ಒಂದು ಪ್ರಶ್ನೆ. ಸುಲಿದ ಮೊಟ್ಟೆಯನ್ನು ಆ ಸೆಖೆಯಲ್ಲಿ ಹೆಚ್ಚು ಹೊತ್ತು ಇಡುವಂತಿಲ್ಲ. ಇಷ್ಟೂ ಕೆಲಸಕ್ಕೆ ಆ 30 ಪೈಸೆ.

ಸಂಸ್ಥೆಗಳ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ ಊಟ ಬರುವ ಶಾಲೆಗಳಿಗೆ ಬೇರೆಯದೇ ತೊಂದರೆ. ಅಕ್ಷಯಪಾತ್ರೆಯಂಥ ಸಂಸ್ಥೆಯ ಅಡುಗೆಮನೆಯಲ್ಲಿ ಮೊಟ್ಟೆ ಬೇಯುವುದಿಲ್ಲ, ಈರುಳ್ಳಿ-ಬೆಳ್ಳುಳ್ಳಿಯ ಬಗ್ಗೆಯೂ ಅಲ್ಲಿ ಹಿಂದೆ ವಿವಾದ ಆಗಿತ್ತು. ಅಂಥ ಶಾಲೆಗಳಲ್ಲಿ ಮೊಟ್ಟೆಯ ಹೊಣೆ ಶಾಲೆಗೂ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಬಿತ್ತು. ಅಡುಗೆಮನೆಯೇ ಇಲ್ಲದ ಶಾಲೆ ಮೊಟ್ಟೆ ಎಲ್ಲಿ ಬೇಯಿಸಬೇಕು? ಆದೇಶ ಬರೆದವರಿಗೆ ಈ ಪ್ರಶ್ನೆ ಹೊಳೆದಿತ್ತೋ ಇಲ್ಲವೋ, ಶಿಕ್ಷಕರಿಗೆ ಮೊದಲ ದಿನವೇ ಎದುರಾಯಿತು.

ಕಳ್ಳತನದ ಮಾತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಒಂದು ಅಂಗನವಾಡಿಯ ವಿಡಿಯೊ ಹೊರಬಂತು. ಪುಟ್ಟ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟರು, ಚಿತ್ರ ತೆಗೆದರು, ಆಮೇಲೆ ಮೊಟ್ಟೆಯನ್ನು ವಾಪಸ್ ಎತ್ತಿಕೊಂಡರು. ಇಬ್ಬರನ್ನು ಅಮಾನತು ಮಾಡಲಾಯಿತು. ಅದು ಶಾಲೆಯಲ್ಲ, ಅಂಗನವಾಡಿ. ಆದರೆ ಈ ಕಥೆಗೆ ಅದು ಬೇಕು. ಮಗುವಿನ ಬಾಯಿಗೆ ಬಿತ್ತೋ ಇಲ್ಲವೋ ಅನ್ನುವುದಕ್ಕಿಂತ ಫೋಟೊ ಅಪ್‌ಲೋಡ್ ಆಯಿತೋ ಇಲ್ಲವೋ ಅನ್ನುವುದನ್ನೇ ನೋಡುವ ವ್ಯವಸ್ಥೆಯಲ್ಲಿ ಇಂಥದ್ದು ನಡೆಯುತ್ತದೆ. ಸಾಂಬಾರಿನ ಬೇಳೆಯನ್ನು ಕದ್ದಿದ್ದರೆ ಯಾವ ವಿಡಿಯೊಗೂ ಸಿಗುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಬಾಳೆಹಣ್ಣಿನ ಸಾಲು

ಎಲ್ಲ ಕಡೆ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಉಳಿದವರ ಕಥೆ ಯಾರಿಗೂ ಬೇಡವಾಗಿದೆ, ನನಗೆ ಮುಖ್ಯ ಅನ್ನಿಸುತ್ತದೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಜೊತೆಗೆ ಎ ವಿಟಮಿನ್, ಬಿ12. ಬಾಳೆಹಣ್ಣಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಬಿ12 ಇಲ್ಲವೇ ಇಲ್ಲ. ಬಾಳೆಹಣ್ಣು ಒಳ್ಳೆಯ ಹಣ್ಣೇ, ಶಕ್ತಿ ಕೊಡುತ್ತದೆ, ಹೊಟ್ಟೆಗೂ ಹಿತ. ಆದರೆ ಅದು ಮೊಟ್ಟೆಯ ಬದಲಿ ಅಲ್ಲ. ಶೇಂಗಾ ಚಿಕ್ಕಿ ಇವೆರಡರ ನಡುವೆ ಇತ್ತು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಹಾಗಾಗಿ ತಿನ್ನದ ಮಗುವಿಗೆ ಹತ್ತಿರದ ಬದಲಿ ಅದೇ.

2025ರ ಆರಂಭದಲ್ಲಿ ಚಿಕ್ಕಿಯನ್ನೇ ನಿಲ್ಲಿಸಿದರು. ಕಳಪೆ ಗುಣಮಟ್ಟ, ಸರಿಯಾಗಿ ಇಡುತ್ತಿಲ್ಲ, ಅವಧಿ ಮೀರಿದ್ದನ್ನೂ ಕೊಡುತ್ತಿದ್ದಾರೆ ಅನ್ನುವ ದೂರುಗಳಿದ್ದವು. ಕಾರಣ ಸರಿಯೇ ಇತ್ತು. ಪರಿಣಾಮ ಮಾತ್ರ ಹೀಗಾಯಿತು: ಮೊಟ್ಟೆ ತಿನ್ನದ ಮಗುವಿಗೆ ಉಳಿದದ್ದು ಬಾಳೆಹಣ್ಣು ಮಾತ್ರ. ಸಸ್ಯಾಹಾರಿ ಮಕ್ಕಳ ಪರವಾಗಿ 2021ರಲ್ಲಿ ಅಷ್ಟು ದೊಡ್ಡ ದನಿ ಎತ್ತಿದವರಿಂದ ಇದಕ್ಕೆ ಅಂಥ ದನಿಯೇನೂ ಕೇಳಿಬರಲಿಲ್ಲ. ಚಿಕ್ಕಿ ಕೆಟ್ಟದ್ದಾದರೆ ಹುರಿದ ಶೇಂಗಾ ಕೊಡಬಹುದಿತ್ತು, ಮೊಳಕೆ ಹೆಸರುಕಾಳು ಕೊಡಬಹುದಿತ್ತು, ಬೆಂದ ಕಡಲೆ ಕೊಡಬಹುದಿತ್ತು. ಉಸಲಿ ಮಾಡಲು ಬಾರದ ಅಡುಗೆಯವರು ನಮ್ಮ ಯಾವ ಊರಲ್ಲಿದ್ದಾರೆ?

ವಿರೋಧ ಪೂರ್ತಿ ತಣ್ಣಗಾಗಿಯೂ ಇಲ್ಲ. 2025ರ ಜುಲೈನಲ್ಲಿ ಮಂಡ್ಯದ ಕಡೆಯ ಒಂದು ಊರಿನಲ್ಲಿ ಶಾಲೆ ದೇವಸ್ಥಾನದ ಹತ್ತಿರ ಇದೆ ಅಂತ ಮೊಟ್ಟೆ ಬೇಯಿಸುವುದಕ್ಕೆ ಪೋಷಕರು ತಕರಾರು ತೆಗೆದರು. ಹಲವರು ಮಕ್ಕಳ ಟಿಸಿ ಕೇಳಿದರು. ಅಲ್ಲಿ ಬೇಕು ಅನ್ನುವ ಮನೆಗಳೂ ಇದ್ದವು. ಇಂಥ ಕಡೆ ಬೆಂಗಳೂರಿನ ಆದೇಶ ಏನೂ ಮಾಡಲಾರದು. ಊರಿನವರು ಕೂತು ಮಾತಾಡಬೇಕು.

ಮಕ್ಕಳಿಗೆ ಮೊದಲು ಬೇಕಾದದ್ದು ಊಟವೋ ವ್ಯಾಯಾಮವೋ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಮಕ್ಕಳ ಫಿಟ್ನೆಸ್ ಅಂದ ಕೂಡಲೇ ಓಟ, ಯೋಗ, ಮಾಸ್ ಡ್ರಿಲ್ ಅನ್ನುವವರು ಜಾಸ್ತಿ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ದೇಶದ 10ರಿಂದ 19 ವರ್ಷದವರಲ್ಲಿ ಶೇ. 24 ಮಂದಿ ತೀರಾ ತೆಳ್ಳಗಿದ್ದಾರೆ, ಶೇ. 5 ಮಂದಿಯ ತೂಕ ಹೆಚ್ಚಿದೆ ಅಂದಿತ್ತು. ಆ 5ರಲ್ಲಿ ಇರುವ ಬೆಂಗಳೂರಿನ ಮಗುವಿಗೆ ಓಟ ಬೇಕು, ಶಾಲೆ ಗೇಟಿನ ಎದುರಿನ ಚಿಪ್ಸ್ ಪೊಟ್ಟಣ ದೂರ ಆಗಬೇಕು. ಗೇಟಿನಿಂದ 50 ಮೀಟರ್ ಒಳಗೆ ಅಂಥದ್ದನ್ನು ಮಾರಬಾರದು ಅಂತ 2020ರಿಂದ ನಿಯಮವೇ ಇದೆ. ಗೂಡಂಗಡಿ ಎಲ್ಲಿದೆ ಅಂತ ನೀವೇ ನೋಡಿ. ಆ 24ರಲ್ಲಿ ಇರುವ ಮಗು ಮಾತ್ರ ಬೆಳಿಗ್ಗೆಯೇ ನೀರು ಹೊತ್ತು, ಮೈಲಿ ನಡೆದು ಬಂದಿರುತ್ತದೆ. ಅದಕ್ಕೆ ಮೊದಲು ಊಟ. ಆಮೇಲೆ ಖೋಖೋಗೆ ಯಾರೂ ಕರೆಯಬೇಕಿಲ್ಲ, ತಾನೇ ಓಡುತ್ತದೆ.

ವಾರದಲ್ಲಿ ಆರು ದಿನ

2023ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಸರ್ಕಾರ ವಾರಕ್ಕೆ ಒಂದಿದ್ದ ಮೊಟ್ಟೆಯನ್ನು ಎರಡು ಮಾಡಿತು, 9 ಮತ್ತು 10ನೇ ತರಗತಿಗೂ ಕೊಟ್ಟಿತು. ಪಕ್ಷ ಬದಲಾದರೂ ಮೊಟ್ಟೆ ಉಳಿಯಿತು. ಇದನ್ನು ನಾನು ದೊಡ್ಡ ಗೆಲುವು ಅಂತಲೇ ಲೆಕ್ಕ ಹಾಕುತ್ತೇನೆ. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮುಂದೆ ಬಂತು. ಸರ್ಕಾರದ 2 ದಿನದ ಜೊತೆ ಇನ್ನು 4 ದಿನದ ಖರ್ಚು ತನ್ನದು ಅಂದಿತು. 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, 55 ಲಕ್ಷ ಮಕ್ಕಳು. ಸೆಪ್ಟೆಂಬರಿನಿಂದ ಸೋಮವಾರದಿಂದ ಶನಿವಾರದವರೆಗೂ ಮೊಟ್ಟೆ. ತಿಂಗಳಿಗೆ 12 ಮೊಟ್ಟೆಗೆ ಬೀದಿ ಜಗಳ ಆದ ರಾಜ್ಯದಲ್ಲಿ ಮೂರು ವರ್ಷ ತುಂಬುವ ಮೊದಲೇ ತಿಂಗಳಿಗೆ 24ಕ್ಕೆ ಬಂದುಬಿಟ್ಟಿತು.

ಮೊಟ್ಟೆ ಜಾಸ್ತಿಯಾದಷ್ಟೂ ಹಳೆಯ ತೊಂದರೆಗಳೂ ಅಷ್ಟೇ ಪಟ್ಟು ಜಾಸ್ತಿಯಾದವು. ವಾರಕ್ಕೆ ಎರಡು ದಿನ ಜೇಬಿನಿಂದ ಹಾಕುವುದು ಒಂದು, ಆರು ದಿನ ಹಾಕುವುದು ಇನ್ನೊಂದು. ಆರು ದಿನ ಕೊಡಬೇಕಾದ ಕಡೆ ಕೆಲವು ಶಾಲೆಗಳು ಮೊಟ್ಟೆಯನ್ನು ಎರಡೇ ದಿನ ಕೊಡುತ್ತಿವೆ, ಉಳಿದ ದಿನ ಬಾಳೆಹಣ್ಣು ಕೊಟ್ಟು ಮುಗಿಸುತ್ತಿವೆ ಅನ್ನುವ ಲೋಪಗಳು ತಪಾಸಣೆಯಲ್ಲಿ ಕಂಡವು. ಇಲಾಖೆ ನೋಟಿಸು ಕೊಟ್ಟಿತು. ನೋಟಿಸು ಪಡೆದವರಲ್ಲಿ ದುಡ್ಡು ಹೊಡೆದವರೂ ಇರಬಹುದು, ದುಡ್ಡು ಸಾಲದೆ ಕೈಚೆಲ್ಲಿದವರೂ ಇರಬಹುದು. ನೋಟಿಸಿಗೆ ಇಬ್ಬರೂ ಒಂದೇ.

ನನ್ನ ಕೈಯಲ್ಲಿ ಇದ್ದಿದ್ದರೆ ಎರಡೇ ಕೆಲಸ ಮಾಡುತ್ತಿದ್ದೆ. ಮೊಟ್ಟೆಯ ದರವನ್ನು ತಿಂಗಳು ತಿಂಗಳು ಆ ಭಾಗದ ಪೇಟೆ ದರಕ್ಕೆ ಕಟ್ಟಿ, ಹಣವನ್ನು ಶಾಲೆಯ ಖಾತೆಗೆ ಮುಂಗಡವಾಗಿ ಹಾಕುತ್ತಿದ್ದೆ. ಸಿಪ್ಪೆ ಸುಲಿಯುವ 30 ಪೈಸೆಯನ್ನು ಒಂದು ರೂಪಾಯಿ ಮಾಡುತ್ತಿದ್ದೆ. 200 ಮೊಟ್ಟೆ ಸುಲಿದ ಅಡುಗೆಮನೆಗೆ ಆಗ 60ರ ಬದಲು 200 ರೂಪಾಯಿ ಸಿಗುತ್ತದೆ. ಅದನ್ನು ಇಬ್ಬರೋ ಮೂವರೋ ಹಂಚಿಕೊಳ್ಳಬೇಕು ಅನ್ನುವುದೂ ನೆನಪಿರಲಿ.

ಪ್ರತಿಷ್ಠಾನದ ಮೂರು ವರ್ಷ 2027ಕ್ಕೆ ಮುಗಿಯುತ್ತದೆ. ಆಗ ನಾಲ್ಕು ದಿನದ ಮೊಟ್ಟೆಯ ಖರ್ಚು ಯಾರದು ಅನ್ನುವುದನ್ನು ಬಜೆಟ್ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ. ಈ ನಡುವೆ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳಿಗೆ ವಾರಕ್ಕೆ ಆರು ಅನ್ನುವ ಲೆಕ್ಕ ಮಾತ್ರ ಗೊತ್ತು. ಎರಡಕ್ಕೆ ಇಳಿದರೆ ಮೊದಲ ದಿನವೇ ಎಣಿಸಿ ಕೇಳುತ್ತಾರೆ.